ಮಣ್ಣಿನ ಜೀವಿಗಳು ಮದ್ದು ಮಾಡುವ ಬಗೆ



ಕಳೆದ ಮುಂಗಾರಿನಲ್ಲಿ ಒಂದು ದಿನ ಕಂಪ್ಲಿ ಕಡೆಯ ಭತ್ತದ ಗದ್ದೆಯೊಂದರ ಬದುವಿನ ಮೇಲೆ ನಿಂತಿದ್ದೆ. ವಾರವಿಡೀ ಜಿಟಿಜಿಟಿ ಮಳೆ ಹಿಡಿದು ಆಗತಾನೆ ಹೊಳವಾಗಿತ್ತು. ಗರಿಗಳ ತುದಿಯಿಂದ ಅಂಚುಗುಂಟ ಕೆಳಕ್ಕೆ ಒಣಹುಲ್ಲಿನ ಬಣ್ಣದ ಪಟ್ಟೆ ಇಳಿದಿತ್ತು. ಅದು ದುಂಡಾಣು ಎಲೆ ಅಂಗಮಾರಿ ರೋಗ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರಿಗೆ ಹೊಸದೇನೂ ಅಲ್ಲ. ಗದ್ದೆಯ ಯಜಮಾನರು ಸಿಂಪರಣೆ ಡಬ್ಬಿಗೆ ನೀರು ತುಂಬಿ ಮದ್ದು ಬೆರೆಸುವುದರಲ್ಲಿದ್ದರು. ಒಂದು ಕೈಯಲ್ಲಿ ಸ್ಟ್ರೆಪ್ಟೊಮೈಸಿನ್ ಪುಡಿಯ ಸಣ್ಣ ಪೊಟ್ಟಣ, ಇನ್ನೊಂದು ಕೈಯಲ್ಲಿ ಸೂಡೊಮೊನಾಸ್ ಪುಡಿಯ ಚೀಲ. ಎರಡನ್ನೂ ಒಂದೇ ಡಬ್ಬಿಗೆ ಸುರಿಯಬೇಕೆಂದಿದ್ದರು.

"ಅವೆರಡನ್ನೂ ಕೂಡಿಸಬೇಡಿ" ಎಂದೆ.

"ಯಾಕ್ರೀ? ಎರಡೂ ಒಳ್ಳೇವು ಅಂತ ನೀವೇ ಹೇಳಿದ್ರಿ. ಅಲ್ದೆ ನನಗೊಂದು ತಿಳೀವಲ್ದು. ಈ ರೋಗ ತರೋದೂ ದುಂಡಾಣು ಅಂತೀರಿ, ಈ ಚೀಲದಾಗ ಇರೋದೂ ದುಂಡಾಣು ಅಂತೀರಿ. ಕೆಡಿಸೋದೂ ಅದೇ, ಕಾಯೋದೂ ಅದೇ ಅಂದ್ರ ಹೆಂಗೆ?"

ನಾನು ತಡವರಿಸಿದೆ. ಡಿಪ್ಲೊಮಾ ಓದುವಾಗ ಮದ್ದುಗಳ ಹೆಸರು, ಪ್ರಮಾಣ, ಸಿಂಪಡಿಸುವ ವೇಳೆ ಇವುಗಳನ್ನು ಬಾಯಿಪಾಠ ಮಾಡಿದ್ದೆನೇ ಹೊರತು, ಆ ಮದ್ದು ಎಲ್ಲಿ ಹುಟ್ಟುತ್ತದೆ, ಯಾರು ಮಾಡುತ್ತಾರೆ ಎಂದು ವಿಚಾರಿಸಿದವನಲ್ಲ. ಆಮೇಲೆ ಪುಸ್ತಕ ಹುಡುಕಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಅಂದು ಬದುವಿನ ಮೇಲೆ ಕೊಡಲಾರದೆ ಹೋದ ಉತ್ತರವನ್ನು ಇಂದು ತಮ್ಮೆಲ್ಲರ ಮುಂದೆ ಇಡುತ್ತೇನೆ.

ಮೊದಲ ಮಳೆಯ ವಾಸನೆ

ಸಂಡೂರು ಗುಡ್ಡದ ಕೆಂಪು ನೆಲದ ಮೇಲೆ ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ತಮಗೆಲ್ಲ ಗೊತ್ತು. ಎತ್ತುಗಳೂ ಮೂಗು ಅರಳಿಸುತ್ತವೆ. ಮಣ್ಣಿನ ವಾಸನೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಮಣ್ಣಿನದಲ್ಲ, ಮಣ್ಣಿನಲ್ಲಿ ಬದುಕಿರುವ ದುಂಡಾಣುಗಳದು. ಅವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಕುಲ. ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆದು, ಕಡೆಗೆ ಸಣ್ಣ ಬೀಜಕಣಗಳನ್ನು ಬಿಡುತ್ತದೆ. ವಾಸನೆಯ ವಸ್ತುವಿಗೆ ಜಿಯೋಸ್ಮಿನ್ ಎಂದು ಹೆಸರು. ೧೯೬೫ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಒಂದು ಲಕ್ಷ ಕೋಟಿ ಪಾಲು ನೀರಿನಲ್ಲಿ ಇದರ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಕಂಡುಹಿಡಿಯುತ್ತದೆ.

ಈ ವಾಸನೆಯನ್ನು ಆ ಜೀವಿ ಹೇಗೆ ಮಾಡುತ್ತದೆ? ಒಂದು ಪ್ರೋಟೀನಿನ ಸಹಾಯದಿಂದ.

ಪ್ರೋಟೀನು ಎಂದರೆ ಬೇಳೆ, ಹಾಲು, ಮೊಟ್ಟೆಗಳಲ್ಲಿ ಇರುವ ಪುಷ್ಟಿ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಅರ್ಧ ಮಾತು. ಜೀವಿಯ ಒಳಗೆ ಪ್ರೋಟೀನುಗಳೇ ಕೆಲಸಗಾರರು. ಅವಲಕ್ಕಿಯನ್ನು ಬಾಯಲ್ಲಿ ಹಾಕಿಕೊಂಡು ನುಂಗದೆ ಸ್ವಲ್ಪ ಹೊತ್ತು ಅಗಿಯಿರಿ, ಸಿಹಿಯಾಗುತ್ತದೆ. ಎಂಜಲಿನಲ್ಲಿ ಇರುವ ಒಂದು ಪ್ರೋಟೀನು ಪಿಷ್ಟವನ್ನು ತುಂಡರಿಸಿ ಸಕ್ಕರೆ ಮಾಡಿದ್ದರ ಫಲ ಅದು. ಹೀಗೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಪ್ರೋಟೀನಿಗೆ ಕಿಣ್ವ ಎನ್ನುತ್ತಾರೆ. ಅಮೈನೊ ಆಮ್ಲ ಎಂಬ ೨೦ ಬಗೆಯ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ ಅದು. ಸರವು ತನ್ನಷ್ಟಕ್ಕೆ ಮಡಿಚಿ, ಸುರುಳಿ ಸುತ್ತಿ, ಒಂದು ಗೊತ್ತಾದ ಆಕಾರಕ್ಕೆ ಬರುತ್ತದೆ. ಆ ಆಕಾರದಲ್ಲಿಯೇ ಅದರ ಶಕ್ತಿ ಉಂಟು. ಕುಡುಗೋಲಿಗೆ ಬಾಗು ಇರುವುದರಿಂದಲೇ ಅದು ಪೈರು ಕೊಯ್ಯುತ್ತದೆ. ನೇರ ಮಾಡಿದರೆ ಬರೀ ಕಬ್ಬಿಣದ ಪಟ್ಟಿ.

ಜಿಯೋಸ್ಮಿನ್ ಮಾಡುವ ಕಿಣ್ವದಲ್ಲಿ ಇಂಥ ಮಣಿಗಳು ೭೦೦ಕ್ಕೂ ಹೆಚ್ಚು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಡೇವಿಡ್ ಕೇನ್ ಮತ್ತು ಸಂಗಡಿಗರು ೨೦೦೬-೦೭ರಲ್ಲಿ ಇದರ ಕೆಲಸವನ್ನು ಬಿಡಿಸಿ ತೋರಿಸಿದರು. ಈ ಒಂದೇ ಪ್ರೋಟೀನಿಗೆ ಎರಡು ಅರ್ಧ. ಮೊದಲ ಅರ್ಧ ಕಚ್ಚಾವಸ್ತುವನ್ನು ಹಿಡಿದು ಬಾಗಿಸಿ ಅರೆಮಾಲು ಮಾಡುತ್ತದೆ. ಎರಡನೆಯ ಅರ್ಧ ಅದನ್ನು ತೆಗೆದುಕೊಂಡು ವಾಸನೆಯ ವಸ್ತುವನ್ನು ಪೂರ್ತಿ ಮಾಡುತ್ತದೆ. ನಡುವೆ ಮೆಗ್ನೀಷಿಯಂ ಇರಬೇಕು, ಇಲ್ಲದಿದ್ದರೆ ಕೈ ಆಡುವುದಿಲ್ಲ.

ದುಂಡಾಣುವಿಗೆ ವಾಸನೆ ಏತಕ್ಕೆ ಬೇಕು ಎಂದು ಕೇಳಬಹುದು. ಮಣ್ಣಿನಲ್ಲಿ ಚಿಮ್ಮುವ ಒಂದು ಬಗೆಯ ಸಣ್ಣ ಹುಳುಗಳು ಈ ವಾಸನೆಗೆ ಬಂದು, ಸ್ಟ್ರೆಪ್ಟೊಮೈಸಿಸನ್ನು ಮೇಯ್ದು, ಅದರ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಬೇರೆ ಕಡೆ ಒಯ್ಯುತ್ತವೆ ಎಂದು ೨೦೨೦ರಲ್ಲಿ ಗೊತ್ತಾಯಿತು. ನಮ್ಮ ಜಾಲಿ ಬೀಜವನ್ನು ಕುರಿಗಳು ಹರಡುವುದಿಲ್ಲವೇ, ಹಾಗೆ.

ಹನ್ನೆರಡು ಕೈಯ ಹೂಮಾಲೆ

ವಾಸನೆಗೆ ಒಂದು ಕೆಲಸಗಾರ ಸಾಕು. ಮದ್ದುಗಳನ್ನು ಮಾಡಲು ಸಾಲಾಳು ಬೇಕು.

ಮೆಣಸಿನಕಾಯಿ, ಹತ್ತಿ, ತೊಗರಿಯ ಕಾಯಿಕೊರಕಕ್ಕೆ ತಾವು ಎಮಾಮೆಕ್ಟಿನ್ ಬೆಂಜೊಯೇಟ್ ಹೊಡೆಯುತ್ತೀರಿ. ಕುರಿ ಸಾಕುವವರು ಹುಳುವಿಗೆ ಐವರ್‌ಮೆಕ್ಟಿನ್ ಹಾಕಿಸುತ್ತಾರೆ. ಇವೆರಡೂ ಅಕ್ಕತಂಗಿಯರು. ಇವುಗಳ ತಾಯಿ ಅವರ್‌ಮೆಕ್ಟಿನ್ ಎಂಬ ವಸ್ತು. ಅದನ್ನು ಮಾಡುವುದು ಒಂದು ಸ್ಟ್ರೆಪ್ಟೊಮೈಸಿಸ್. ಜಪಾನಿನ ಸತೋಷಿ ಒಮುರಾ ಎಂಬ ವಿಜ್ಞಾನಿ ೧೯೭೦ರ ದಶಕದಲ್ಲಿ ಕವಾನಾ ಎಂಬಲ್ಲಿಯ ಗಾಲ್ಫ್ ಮೈದಾನದ ಬಳಿಯಿಂದ ತಂದ ಮಣ್ಣಿನಲ್ಲಿ ಅದು ಸಿಕ್ಕಿತು. ಆ ಕೆಲಸಕ್ಕಾಗಿ ಒಮುರಾ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ ೨೦೧೫ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಅವರ್‌ಮೆಕ್ಟಿನನ್ನು ದುಂಡಾಣು ಕಟ್ಟುವ ರೀತಿ ನೋಡಿ. ಹಂಪಿಯ ಜಾತ್ರೆಗೆ ಹೂಮಾಲೆ ಕಟ್ಟಲು ಹನ್ನೆರಡು ಜನ ಸಾಲಾಗಿ ಕೂತಿದ್ದಾರೆ ಎಂದುಕೊಳ್ಳಿ. ಮೊದಲನೆಯವಳು ದಾರ ಹಿಡಿದು ಒಂದು ಹೂ ಪೋಣಿಸಿ ಪಕ್ಕದವಳಿಗೆ ಕೊಡುತ್ತಾಳೆ. ಅವಳು ತನ್ನ ಬುಟ್ಟಿಯ ಹೂ ಸೇರಿಸಿ ಮುಂದಿನವಳಿಗೆ. ಒಬ್ಬಳದು ಮಲ್ಲಿಗೆ, ಒಬ್ಬಳದು ಕನಕಾಂಬರ, ಒಬ್ಬಳು ಹೂವಿನ ತೊಟ್ಟು ಚಿವುಟಿ ಸೇರಿಸುತ್ತಾಳೆ, ಇನ್ನೊಬ್ಬಳು ಚಿವುಟದೆ. ಹನ್ನೆರಡನೆಯವಳ ಕೈ ದಾಟಿದ ಮೇಲೆ ಎರಡು ತುದಿಯನ್ನೂ ಗಂಟು ಹಾಕಿ ಉಂಗುರ ಮಾಡುತ್ತಾರೆ. ಅವರ್‌ಮೆಕ್ಟಿನ್ ಕೂಡ ಹೀಗೆಯೇ. ನಾಲ್ಕು ದೈತ್ಯ ಪ್ರೋಟೀನುಗಳಲ್ಲಿ ಒಟ್ಟು ೧೨ ಠಾಣೆಗಳು. ಪ್ರತಿ ಠಾಣೆಯೂ ಇಂಗಾಲದ ಒಂದು ಸಣ್ಣ ತುಣುಕನ್ನು ಸೇರಿಸಿ ಮುಂದಕ್ಕೆ ದಾಟಿಸುತ್ತದೆ. ಕೊನೆಯಲ್ಲಿ ಗಂಟು ಬಿದ್ದು ಉಂಗುರವಾಗುತ್ತದೆ. ಆಮೇಲೆ ಬೇರೆ ಕಿಣ್ವಗಳು ಬಂದು ಸಕ್ಕರೆಯ ಎರಡು ತುಣುಕುಗಳನ್ನು ತಗಲಿಸುತ್ತವೆ. ಆ ಸಕ್ಕರೆಯ ತುದಿಯನ್ನು ಕಾರ್ಖಾನೆಯಲ್ಲಿ ಸ್ವಲ್ಪ ತಿದ್ದಿದರೆ ಎಮಾಮೆಕ್ಟಿನ್.

ನುಸಿಗೆ, ಕಾಯಿಕೊರಕಕ್ಕೆ ಹೊಡೆಯುವ ಸ್ಪಿನೊಸ್ಯಾಡ್ ಸಹ ಇಂಥದೇ ಮಾಲೆ. ಅದನ್ನು ಮಾಡುವ ದುಂಡಾಣು ಸಿಕ್ಕಿದ್ದು ೧೯೮೨ರಲ್ಲಿ, ಕೆರಿಬಿಯನ್ ದ್ವೀಪವೊಂದರಲ್ಲಿ ಪಾಳುಬಿದ್ದ ರಮ್ ಭಟ್ಟಿಯ ನೆಲದ ಮಣ್ಣಿನಲ್ಲಿ. ರಮ್ ಮಾಡುವುದು ಕಬ್ಬಿನ ಕಾಕಂಬಿಯಿಂದ. ಕಂಪ್ಲಿಯ ಆಲೆಮನೆಗಳ ಸುತ್ತಿನ ಮಣ್ಣಿನಲ್ಲಿಯೂ ಇಂಥ ಜೀವಿಗಳ ಬಂಧುಬಳಗ ಇದ್ದೇ ಇರುತ್ತದೆ ಎನ್ನಲು ಅಡ್ಡಿಯಿಲ್ಲ.

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿ. ಮೈಸೂರು ಸೀಮೆಯವರಾದ ಡಾ. ಎಂ. ಜೆ. ತಿರುಮಲಾಚಾರ್ ಎಂಬ ಶಿಲೀಂಧ್ರ ತಜ್ಞರು ಪುಣೆಯ ಹತ್ತಿರ ಪಿಂಪ್ರಿಯಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅಲ್ಲಿನ ಮಣ್ಣಿನಿಂದಲೇ ತೆಗೆದ ಸ್ಟ್ರೆಪ್ಟೊಮೈಸಿಸಿನಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಸಿಕ್ಕಿತು. ಜೀವಿಗೆ ಪಿಂಪ್ರಿ ಊರಿನ ಹೆಸರನ್ನೇ ಇಟ್ಟರು. ಬೆಳೆಗಳ ಬೂಷ್ಟು ರೋಗಕ್ಕೆ ಬಳಕೆಗೆ ಬಂದ ಆರಿಯೊಫಂಜಿನ್ ಕೂಡ ಅದೇ ತಂಡದ ಕೆಲಸ. ಇವೆರಡೂ ಠಾಣೆಯಿಂದ ಠಾಣೆಗೆ ದಾಟಿ ಉಂಗುರವಾಗುವ ಜಾತಿಯವೇ. ಅಂದಿನ ದಿನ ಆ ಪ್ರೋಟೀನುಗಳನ್ನು ಯಾರೂ ಕಂಡಿರಲಿಲ್ಲ. ಮಣ್ಣನ್ನು ನಂಬಿ, ತಟ್ಟೆಯಲ್ಲಿ ಬೆಳೆಸಿ, ಯಾವುದರ ಸುತ್ತ ಬೂಷ್ಟು ಬೆಳೆಯಲಿಲ್ಲವೋ ಅದನ್ನು ಆರಿಸಿದರು.

ಸಂಡೂರಿನ ಕಬ್ಬಿಣ, ಬೇರಿನ ಹಸಿವು

ಈಗ ಚೀಲದಲ್ಲಿದ್ದ ಸೂಡೊಮೊನಾಸ್ ಮಾತಿಗೆ ಬರೋಣ. ಇದು ಬೇರಿನ ಸುತ್ತ ವಾಸ ಮಾಡುವ ದುಂಡಾಣು. ಇದರ ಮೊದಲ ಆಯುಧ ಕಬ್ಬಿಣದ ವ್ಯವಹಾರ.

ಸಂಡೂರಿನಲ್ಲಿ ಕಬ್ಬಿಣಕ್ಕೆ ಬರವೇ? ಗುಡ್ಡವೇ ಅದಿರು. ಆದರೂ ಮಣ್ಣಿನಲ್ಲಿರುವ ಕಬ್ಬಿಣ ಬಹುತೇಕ ತುಕ್ಕಿನ ರೂಪದಲ್ಲಿದ್ದು ನೀರಿನಲ್ಲಿ ಕರಗುವುದಿಲ್ಲ. ಕಣಜ ತುಂಬಿದೆ, ಬಾಗಿಲಿಗೆ ಬೀಗ. ಸೂಡೊಮೊನಾಸ್ ಪಯೋವರ್ಡಿನ್ ಎಂಬ ಹಸಿರು ಹಳದಿ ವಸ್ತುವನ್ನು ಮಾಡಿ ಹೊರಕ್ಕೆ ಬಿಡುತ್ತದೆ. ಅದು ಇಕ್ಕಳದಂತೆ ಕಬ್ಬಿಣವನ್ನು ಕಚ್ಚಿ ಹಿಡಿದು ವಾಪಸು ತರುತ್ತದೆ. ರೋಗದ ಬೂಷ್ಟಿಗೆ ಕಬ್ಬಿಣ ಸಿಗದೆ ಅದು ಸೊರಗುತ್ತದೆ. ಈ ಇಕ್ಕಳ ನೇರಳಾತೀತ ಬೆಳಕಿನಲ್ಲಿ ಮಿಂಚುವುದರಿಂದಲೇ ಜೀವಿಗೆ ಫ್ಲೋರೊಸೆನ್ಸ್, ಅಂದರೆ ಹೊಳೆಯುವುದು, ಎಂಬ ಹೆಸರು. ಪಯೋವರ್ಡಿನನ್ನೂ ಸಾಲಾಗಿ ಠಾಣೆಗಳಿರುವ ದೊಡ್ಡ ಕಿಣ್ವಗಳೇ ಕಟ್ಟುತ್ತವೆ. ಇಲ್ಲಿ ಪೋಣಿಸುವ ಹೂಗಳು ಅಮೈನೊ ಆಮ್ಲಗಳು.

ಎರಡನೆಯ ಆಯುಧ ಒಂದು ಮದ್ದು. ಕೆಲವು ಸೂಡೊಮೊನಾಸ್ ತಳಿಗಳು ಡಯಾಸಿಟೈಲ್ ಫ್ಲೋರೊಗ್ಲುಸಿನಾಲ್ ಎಂಬ ವಸ್ತುವನ್ನು ಮಾಡುತ್ತವೆ. ಹೆಸರು ಉದ್ದ, ಕೆಲಸ ಸಣ್ಣ ಸಾಲಿನದು. ಪಿಎಚ್‌ಎಲ್-ಡಿ ಎಂಬ ಒಂದು ಕಿಣ್ವ ಮೂರು ತುಣುಕುಗಳನ್ನು ಜೋಡಿಸಿ ಉಂಗುರ ಮಾಡುತ್ತದೆ. ಉಳಿದ ಪ್ರೋಟೀನುಗಳು ಅದನ್ನು ಸಿಂಗರಿಸುತ್ತವೆ. ಹೀಗೆ ಈ ಮದ್ದು ಮಾಡುವ ದುಂಡಾಣುಗಳು ಭತ್ತದ ದುಂಡಾಣು ಅಂಗಮಾರಿಯನ್ನು ತಗ್ಗಿಸುತ್ತವೆ ಎಂದು ಮದರಾಸು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೦೬ರಲ್ಲಿ ಪ್ರಕಟಿಸಿದರು. ಕಂಪ್ಲಿಯ ಗದ್ದೆಯಲ್ಲಿ ನಾನು ಕಂಡದ್ದು ಇದೇ ರೋಗ.

ಕಂಪ್ಲಿಯ ಯಜಮಾನರ ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಉಂಟು. ದುಂಡಾಣು ಎಂದರೆ ಒಂದು ಜಾತಿಯಲ್ಲ, ಒಂದು ದೊಡ್ಡ ಲೋಕ. ಯಾವ ಪ್ರೋಟೀನುಗಳನ್ನು ಯಾವ ದುಂಡಾಣು ಇಟ್ಟುಕೊಂಡಿದೆ ಎಂಬುದರ ಮೇಲೆ ಅದು ಕಳ್ಳನೋ ಕಾವಲುಗಾರನೋ ಎಂದು ತೀರ್ಮಾನ. ಊರಲ್ಲಿ ಎಲ್ಲರೂ ಮನುಷ್ಯರೇ, ಆದರೆ ಎಲ್ಲರ ಕೈಯಲ್ಲಿರುವ ಸಾಮಾನು ಒಂದೇ ಅಲ್ಲವಲ್ಲ.

ನೀರಗಂಟಿಯೂ ರಂಜಕದ ಬೀಗವೂ

ಇನ್ನು ಸಣ್ಣ ಪೊಟ್ಟಣದ ಸ್ಟ್ರೆಪ್ಟೊಮೈಸಿನ್. ೧೯೪೩ರಲ್ಲಿ ಅಮೆರಿಕದ ರಟ್ಗರ್ಸ್ ಎಂಬಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ತರುಣ ಇದನ್ನು ಕಂಡುಹಿಡಿದ. ಮದ್ದು ಮಾಡುವ ಜೀವಿ ಸಿಕ್ಕಿದ್ದು ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಮತ್ತು ಒಂದು ಕೋಳಿಯ ಗಂಟಲಿನಲ್ಲಿ. ಕ್ಷಯರೋಗವನ್ನು ಮಣಿಸಿದ ಮೊದಲ ಜೀವಿನಿರೋಧಕ ಇದೇ. ವಾಕ್ಸ್‌ಮನ್ ಅವರಿಗೆ ೧೯೫೨ರಲ್ಲಿ ನೊಬೆಲ್ ಬಂತು.

ಆ ಜೀವಿ ಸದಾಕಾಲ ಈ ಮದ್ದು ಮಾಡುವುದಿಲ್ಲ. ಹಂಪಿಯ ತುರ್ತಾ ಕಾಲುವೆಯ ನೀರು ವಿಜಯನಗರದ ಕಾಲದಿಂದ ಇಂದಿಗೂ ಹರಿಯುತ್ತಿದೆ. ಕಾಲುವೆಯಲ್ಲಿ ನೀರಿದೆ ಎಂದು ಎಲ್ಲ ತೂಬನ್ನೂ ಎಲ್ಲ ಹೊತ್ತೂ ತೆಗೆದಿಡುವುದಿಲ್ಲ, ನೀರಗಂಟಿ ಇರುತ್ತಾನೆ. ಹಾಗೆಯೇ ದುಂಡಾಣುವಿನಲ್ಲಿಯೂ ಒಂದು ನೀರಗಂಟಿ ಪ್ರೋಟೀನು ತೂಬಿನ ಮೇಲೆ ಕೂತಿರುತ್ತದೆ. ದುಂಡಾಣು ಬೆಳೆದು ಬಳಗ ದೊಡ್ಡದಾದಂತೆ, ಅದು ಬಿಡುವ ಎ-ಫ್ಯಾಕ್ಟರ್ ಎಂಬ ಸಂಕೇತದ ವಸ್ತು ಕೂಡುತ್ತಾ ಹೋಗುತ್ತದೆ. ೧೯೬೭ರಲ್ಲಿ ಸೋವಿಯತ್ ದೇಶದ ಖೊಖ್ಲೋವ್ ಮತ್ತು ಸಂಗಡಿಗರು ಇದನ್ನು ಕಂಡರು. ಸಂಕೇತ ಬಂದು ಮುಟ್ಟಿದೊಡನೆ ನೀರಗಂಟಿ ಎದ್ದು ಹೋಗುತ್ತಾನೆ, ತೂಬು ತೆರೆಯುತ್ತದೆ, ಮದ್ದು ಮಾಡುವ ಕಿಣ್ವಗಳೆಲ್ಲ ಒಂದೊಂದಾಗಿ ಕೆಲಸಕ್ಕೆ ಇಳಿಯುತ್ತವೆ.

ಇಲ್ಲೊಂದು ಕಷ್ಟ ಉಂಟು. ಸ್ಟ್ರೆಪ್ಟೊಮೈಸಿನ್ ದುಂಡಾಣುಗಳು ಪ್ರೋಟೀನು ತಯಾರಿಸುವ ಕಮ್ಮಟಕ್ಕೇ ಹೋಗಿ ಕೂರುತ್ತದೆ. ಮಣಿಗಳು ತಪ್ಪುತಪ್ಪಾಗಿ ಪೋಣಿಸಿಹೋಗುತ್ತವೆ, ದುಂಡಾಣು ಸಾಯುತ್ತದೆ. ಹಾಗಾದರೆ ಮದ್ದು ಮಾಡುವವನೂ ದುಂಡಾಣುವೇ ಅಲ್ಲವೇ? ಅವನು ಹೇಗೆ ಬದುಕಿದ?

ಇಲ್ಲಿದೆ ಸೋಜಿಗ. ಮದ್ದಿನ ತೂಬು ತೆಗೆಯುವಾಗಲೇ ಒಂದು ಕಾವಲು ಪ್ರೋಟೀನು ಕೂಡ ತಯಾರಾಗುತ್ತದೆ. ಅದು ಸ್ಟ್ರೆಪ್ಟೊಮೈಸಿನಿಗೆ ಒಂದು ರಂಜಕದ ತುಣುಕನ್ನು, ಅಂದರೆ ಫಾಸ್ಫೇಟನ್ನು ಅಂಟಿಸುತ್ತದೆ. ರಂಜಕ ಅಂಟಿದ ಮದ್ದು ಬೀಗ ಹಾಕಿದ ಬಂದೂಕು. ಬೀಗ ಹಾಕಿಯೇ ಹೊರಕ್ಕೆ ಸಾಗಿಸುತ್ತಾರೆ. ಹೊರಗೆ ಇನ್ನೊಂದು ಪ್ರೋಟೀನು ಬೀಗ ತೆಗೆಯುತ್ತದೆ. ಆಗ ಮದ್ದು ಹಗೆಯ ಮೇಲೆ ಕೆಲಸ ಮಾಡುತ್ತದೆ.

ಬೀಗ ಹಾಕುವ ಈ ವಿದ್ಯೆ ಮದ್ದು ಮಾಡುವವನಲ್ಲಿ ಮಾತ್ರ ಉಳಿದಿದ್ದರೆ ನಮಗೆ ಚಿಂತೆ ಇರಲಿಲ್ಲ. ಇದೇ ಬಗೆಯ ಬೀಗದ ಪ್ರೋಟೀನುಗಳು ರೋಗದ ದುಂಡಾಣುಗಳಿಗೂ ಸಿಕ್ಕಿವೆ. ದುಂಡಾಣುಗಳು ತಮ್ಮ ವಂಶವಾಹಿಯ ತುಂಡನ್ನು ನೆರೆಯವರಿಗೆ ಕೈಗಡ ಕೊಡುತ್ತವೆ. ಬೇರೆ ಜಾತಿಯವರಿಗೂ ಕೊಡುತ್ತವೆ. ಗದ್ದೆಯಲ್ಲಿ ಒಂದು ಕೋಟಿ ದುಂಡಾಣುಗಳ ನಡುವೆ ಬೀಗ ಬಲ್ಲದ್ದು ಒಂದೇ ಇದ್ದರೂ, ನಾವು ಮೇಲಿಂದ ಮೇಲೆ ಸ್ಟ್ರೆಪ್ಟೊಮೈಸಿನ್ ಹೊಡೆದರೆ ಉಳಿದವು ಸತ್ತು ಅದೊಂದೇ ಬೆಳೆಯುತ್ತದೆ. ಮುಂದಿನ ಬೆಳೆಗೆ ಆ ಗದ್ದೆಯ ತುಂಬ ಅದರ ಮಕ್ಕಳೇ. ಇನ್ನು ಕೆಲವು ದುಂಡಾಣುಗಳು ಬೀಗದ ಗೋಜಿಗೆ ಹೋಗದೆ ತಮ್ಮ ಕಮ್ಮಟದ ಒಂದು ಮಣಿಯನ್ನೇ ಬದಲಿಸಿಕೊಂಡು ಮದ್ದಿಗೆ ಹಿಡಿತ ಸಿಗದಂತೆ ಮಾಡುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೇರ್ ಹಣ್ಣಿನ ತೋಟಗಳಲ್ಲಿ ೧೯೭೦ರ ದಶಕದ ಮೊದಲಲ್ಲೇ ಸ್ಟ್ರೆಪ್ಟೊಮೈಸಿನಿಗೆ ಬಗ್ಗದ ರೋಗ ಕಾಣಿಸಿತು.

ಮನುಷ್ಯರಲ್ಲಿ ಇದಕ್ಕೂ ಮೊದಲೇ ಕಂಡಿತ್ತು. ೧೯೪೮ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕ್ಷಯದ ಪರೀಕ್ಷೆಯಲ್ಲಿಯೇ, ಇದೊಂದೇ ಮದ್ದನ್ನು ಕೊಟ್ಟರೆ ಕೆಲವು ತಿಂಗಳಲ್ಲಿ ಎಷ್ಟೋ ರೋಗಿಗಳ ರೋಗಾಣು ಮಣಿಯದಾಗುವುದು ಗೊತ್ತಾಯಿತು. ಅದಕ್ಕೇ ಕ್ಷಯಕ್ಕೆ ಇಂದು ಹಲವು ಮದ್ದುಗಳನ್ನು ಕೂಡಿಸಿ ಕೊಡುತ್ತಾರೆ. ಅವುಗಳಲ್ಲಿ ಮುಖ್ಯವಾದ, ಮೂತ್ರವನ್ನು ಕೆಂಪಗೆ ಮಾಡುವ ರಿಫಾಂಪಿಸಿನ್ ಸಹ ಮಣ್ಣಿನ ದುಂಡಾಣುವಿನ ಕೂಸೇ, ಐದು ದೊಡ್ಡ ಪ್ರೋಟೀನುಗಳು ಸಾಲಾಗಿ ಕಟ್ಟುವ ಮಾಲೆಯಿಂದ ಬಂದದ್ದು. ಮನೆಯಲ್ಲಿ ಕ್ಷಯ ಕಂಡವರಿಗೆ ಈ ಮದ್ದುಗಳ ಬೆಲೆ ಗೊತ್ತು. ಗದ್ದೆಗೂ ಆಸ್ಪತ್ರೆಗೂ ನಡುವೆ ದುಂಡಾಣುಗಳಿಗೆ ಬೇಲಿಯಿಲ್ಲ ಎಂಬುದನ್ನು ನಾವು ಮರೆಯಬಾರದು. ಇದೇ ಕಾರಣದಿಂದ, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಮದ್ದನ್ನು ಕೃಷಿಯಲ್ಲಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ ೨೦೨೧ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಕೂಡಿಸಬಾರದೇಕೆ

ಈಗ ಯಜಮಾನರ ಎರಡನೆಯ ಪ್ರಶ್ನೆ. ಸ್ಟ್ರೆಪ್ಟೊಮೈಸಿನಿಗೆ ಸ್ನೇಹಿತ, ಹಗೆ ಎಂಬ ಭೇದವಿಲ್ಲ. ಯಾವ ದುಂಡಾಣುವಿನ ಕಮ್ಮಟ ಸಿಕ್ಕಿದರೂ ಕೂರುತ್ತದೆ. ಸೂಡೊಮೊನಾಸ್ ಕೂಡ ದುಂಡಾಣುವೇ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ದುಡ್ಡು ಕೊಟ್ಟು ಕಾವಲುಗಾರನನ್ನು ಕರೆತಂದು, ಬಾಗಿಲಲ್ಲೇ ಅವನಿಗೆ ವಿಷ ಇಟ್ಟಂತೆ. ತಾಮ್ರದ ಮದ್ದುಗಳೂ ಹಾಗೆಯೇ.

ಇನ್ನೊಂದು ದೂರು ನಾನು ಆಗಾಗ ಕೇಳುತ್ತೇನೆ. "ಸೂಡೊಮೊನಾಸ್ ಹಾಕಿದ್ವಿ ಸಾರ್, ಏನೂ ಆಗ್ಲಿಲ್ಲ." ಏಕೆ ಆಗಲಿಲ್ಲ? ಚೀಲವನ್ನು ತಗಡಿನ ಕೆಳಗೆ, ನಮ್ಮ ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಇಟ್ಟಿದ್ದಿರಬಹುದು. ಪ್ರೋಟೀನಿನ ಶಕ್ತಿ ಅದರ ಆಕಾರದಲ್ಲಿ ಇದೆ ಎಂದು ಆಗಲೇ ಹೇಳಿದೆ. ಕೋಳಿಮೊಟ್ಟೆಯನ್ನು ಬೇಯಿಸಿದರೆ ಬಿಳಿಯ ಭಾಗ ಗಟ್ಟಿಯಾಗುತ್ತದೆ. ಆರಿಸಿ ಇಟ್ಟರೆ ಮತ್ತೆ ಹಸಿಯಾದೀತೇ? ಕಾವು ಹೆಚ್ಚಾದರೆ ದುಂಡಾಣುವಿನ ಒಳಗಿನ ಪ್ರೋಟೀನುಗಳಿಗೂ ಅದೇ ಗತಿ. ಚೀಲದ ತೂಕ ಕಡಿಮೆಯಾಗುವುದಿಲ್ಲ, ಜೀವ ಹೋಗಿರುತ್ತದೆ. ಜೀವ ಇದ್ದರೂ, ನೀರಗಂಟಿ ತೂಬು ತೆಗೆಯಬೇಕಾದರೆ ಬಳಗ ಬೆಳೆಯಬೇಕು. ಬಳಗ ಬೆಳೆಯಲು ಹಸಿ ಬೇಕು, ಕೊಳೆತ ಗೊಬ್ಬರದ ಆಹಾರ ಬೇಕು. ಒಣನೆಲಕ್ಕೆ ಬರೀ ಪುಡಿ ಎರಚಿದರೆ ಮದ್ದು ಹುಟ್ಟುವುದಾದರೂ ಎಲ್ಲಿಂದ?

ಆದಕಾರಣ ಮುಂದಿನ ಮಾತುಗಳನ್ನು ತಾವು ನೆನಪಿನಲ್ಲಿಡಬೇಕು.

ಒಂದು. ಸೂಡೊಮೊನಾಸ್ ಪುಡಿ ಕೊಳ್ಳುವಾಗ ತಯಾರಿಸಿದ ತಾರೀಖು, ಅವಧಿ ನೋಡಿ. ಮನೆಯಲ್ಲಿ ತಂಪಾದ ನೆರಳಿನ ಜಾಗದಲ್ಲಿಡಿ. ಬೀಜಕ್ಕಾದರೆ ಕಿಲೊಗೆ ೧೦ ಗ್ರಾಂ. ನೆಲಕ್ಕಾದರೆ ಎಕರೆಗೆ ೧ ಕಿಲೊ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಹಸಿ ಇರುವಾಗ, ಸಂಜೆಯ ಹೊತ್ತು ಕೊಡಿ. ಇದು ರೋಗ ಬರುವ ಮೊದಲೇ ಇಡುವ ಕಾವಲು. ರೋಗ ಗದ್ದೆ ತುಂಬ ಹರಡಿದ ಮೇಲೆ ಇದರಿಂದ ಪವಾಡ ನಿರೀಕ್ಷಿಸಬೇಡಿ.

ಎರಡು. ಜೀವಿನಿರೋಧಕ ಪುಡಿಯನ್ನಾಗಲಿ ತಾಮ್ರದ ಮದ್ದನ್ನಾಗಲಿ ಇದರ ಜೊತೆಗೆ ಬೆರೆಸಬೇಡಿ.

ಮೂರು. ಭತ್ತದ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಪೊಟ್ಟಣದ ಕಡೆಗೆ ಕೈ ಹೋಗುವ ಮೊದಲು ಇತರ ದಾರಿ ನೋಡಿ. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ, ರೋಗ ಕಂಡಾಗ ನಿಲ್ಲಿಸಿ. ನಾಟಿ ಮಾಡುವಾಗ ಸಸಿಯ ತುದಿ ಕತ್ತರಿಸಬೇಡಿ, ಕತ್ತರಿಸಿದ ಗಾಯವೇ ರೋಗದ ಬಾಗಿಲು. ರೋಗ ಬಂದ ಗದ್ದೆಯ ನೀರನ್ನು ಪಕ್ಕದ ಗದ್ದೆಗೆ ಬಿಡಬೇಡಿ. ರೋಗ ತಡೆಯುವ ತಳಿ ಆರಿಸಿ. ಹೈದರಾಬಾದಿನ ವಿಜ್ಞಾನಿಗಳು ಮಾಡಿ ೨೦೦೮ರಲ್ಲಿ ಹೊರಬಂದ ಸುಧಾರಿತ ಸಾಂಬಾ ಮಸೂರಿಯಲ್ಲಿ ಈ ರೋಗವನ್ನು ತಡೆಯುವ ಮೂರು ವಂಶವಾಹಿಗಳನ್ನು ಸೇರಿಸಿದ್ದಾರೆ.

ನಾಲ್ಕು. ಅಬಾಮೆಕ್ಟಿನ್, ಎಮಾಮೆಕ್ಟಿನ್ ಎಂದು ಹೆಸರು ಎರಡಾದರೂ ಕುಲ ಒಂದೇ. ಒಂದಾದ ಮೇಲೊಂದು ಹೊಡೆದು ಮದ್ದು ಬದಲಿಸಿದೆವು ಎಂದುಕೊಳ್ಳಬೇಡಿ. ಬೇರೆ ಕುಲದ್ದಕ್ಕೆ ಬದಲಿಸಿ. ಮಣ್ಣಿನ ಜೀವಿ ಮಾಡಿದ್ದು ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಎಮಾಮೆಕ್ಟಿನ್ ಜೇನುಹುಳುವಿಗೆ ವಿಷ. ಕೈಗವಸು, ಮುಖಕ್ಕೆ ಬಟ್ಟೆ, ಸಂಜೆಯ ಸಿಂಪರಣೆ ತಪ್ಪಬಾರದು.

ಐದು. ಯಾವ ಮದ್ದಿಗೆ ಈಗ ಅನುಮತಿ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಅಂಗಡಿಯವರ ಬಾಯಿಂದಲ್ಲ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಮುಚ್ಚಿದ ಪೆಟ್ಟಿಗೆ

ಕೊನೆಯದಾಗಿ ಒಂದು ಮಾತು. ೨೦೦೨ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಒಂದು ಸ್ಟ್ರೆಪ್ಟೊಮೈಸಿಸಿನ ವಂಶವಾಹಿಯನ್ನು ಪೂರ್ತಿ ಓದಿ ಮುಗಿಸಿದರು. ಅದರಲ್ಲಿ ಪ್ರೋಟೀನು ಮಾಡುವ ಸುಮಾರು ೭,೮೦೦ ಪಾಠಗಳು ಇದ್ದವು. ಅವುಗಳ ನಡುವೆ, ಇಂಥ ಮದ್ದು, ಬಣ್ಣ, ವಾಸನೆ, ಇಕ್ಕಳಗಳನ್ನು ಕಟ್ಟುವ ಸಾಲುಗಳು ೨೦ಕ್ಕೂ ಹೆಚ್ಚು. ಅಲ್ಲಿಯವರೆಗೆ ಆ ಜೀವಿಯಿಂದ ಜನರಿಗೆ ತಿಳಿದಿದ್ದದ್ದು ಕೆಲವೇ. ಉಳಿದ ತೂಬುಗಳು ಮುಚ್ಚಿಯೇ ಇದ್ದವು. ಅಂದಿನಿಂದ ವಿಜ್ಞಾನಿಗಳು ಒಂದೊಂದೇ ಪ್ರೋಟೀನನ್ನು ತೆಗೆದು, ಗಾಜಿನ ಕೊಳವೆಯಲ್ಲಿ ಕಚ್ಚಾವಸ್ತು ಕೊಟ್ಟು, ಏನು ಮಾಡುತ್ತದೆ ನೋಡುತ್ತಿದ್ದಾರೆ. ಒಂದು ಠಾಣೆಯನ್ನು ಕೆಡಿಸಿ, ಮಾಲೆಯಲ್ಲಿ ಯಾವ ಹೂ ತಪ್ಪಿತು ಎಂದು ಗಮನಿಸುತ್ತಿದ್ದಾರೆ. ನೀರಗಂಟಿಯನ್ನು ಎಬ್ಬಿಸುವ ಉಪಾಯ ಹುಡುಕುತ್ತಿದ್ದಾರೆ. ಹಳೆಯ ಮದ್ದುಗಳಿಗೆ ರೋಗಗಳು ಬೀಗ ಹಾಕುವುದನ್ನು ಕಲಿತಿರುವುದರಿಂದ ಹೊಸ ಮದ್ದಿಗೆ ಈ ಹುಡುಕಾಟ ಅಗತ್ಯ.

ಹುಡುಕುವವರಿಗೆ ಬೇಕಾದದ್ದು ಜೀವಂತ ಮಣ್ಣು. ಕೂಳೆಗೆ ಬೆಂಕಿ ಹಚ್ಚದೆ, ಗೊಬ್ಬರ ಕೊಟ್ಟು, ಬೇಕಿಲ್ಲದ ಕಡೆ ಮದ್ದು ಸುರಿಯದೆ ಕಾಯ್ದ ಹೊಲದಲ್ಲಿ ಅದು ಇರುತ್ತದೆ. ಕಂಪ್ಲಿಯ ಗದ್ದೆಯಲ್ಲಿರಲಿ, ಹಂಪಿಯ ಬಾಳೆತೋಟದಲ್ಲಿರಲಿ, ಸಂಡೂರಿನ ಗುಡ್ಡದಲ್ಲಿರಲಿ, ಮಳೆ ಬಿದ್ದಾಗ ವಾಸನೆ ಏಳುವ ಮಣ್ಣಿನಲ್ಲಿ ಆ ಕೆಲಸಗಾರರು ಇದ್ದಾರೆಂದೇ ಅರ್ಥ.

ಅಂದು ಕಂಪ್ಲಿಯ ಯಜಮಾನರು ನನ್ನ ಮಾತಿಗೆ ಬೆಲೆ ಕೊಟ್ಟು ಸೂಡೊಮೊನಾಸ್ ಚೀಲವನ್ನು ಕಟ್ಟಿ ಪಕ್ಕಕ್ಕಿಟ್ಟರು. "ಆಯ್ತು, ಆದ್ರ ಕಾರಣ ತಿಳ್ಕಂಡು ಬಂದು ಹೇಳ್ರಿ" ಎಂದರು. ಈ ಭಾಷಣ ಅವರ ಕಿವಿಗೆ ಬಿದ್ದಿದ್ದರೆ ನನ್ನ ಬಾಕಿ ತೀರಿತು.